‘ರಿಪೋರ್ಟ್ ಛಲೋ ಐತಿ, ನೋವು ಮಾತ್ರ ಹೋಗವಲ್ದು’

ಹೋದ ಸಂಚಿಕೆಯಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿ ಗುಳಿಗೆಗಳ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದನ್ನು ಓದಿ ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡ ಕಡೆಯಿಂದ ಪತ್ರಗಳು ಬಂದಿವೆ. ವೈರಸ್ ಬಗ್ಗೆ ಕೇಳಿದವರು ಕಡಿಮೆ. ಜಾಸ್ತಿ ಜನ ಕೇಳಿರುವುದು ನೋವು ಮತ್ತು ಮನಸ್ಸಿನ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ, ಧೈರ್ಯವಾಗಿ ಓದಿ.

ಪ್ರಶ್ನೆ: ಡಾಕ್ಟ್ರೇ, ನನಗೆ 51 ವರ್ಷ. ಬೆಟಗೇರಿಯಲ್ಲಿ ಕೈಮಗ್ಗದ ಕೆಲಸ. 2008ರಿಂದ ಎಆರ್‌ಟಿ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ತಪ್ಪಿಸಿದವನಲ್ಲ. ವೈರಲ್ ಲೋಡ್ ‘ಕಂಡುಬಂದಿಲ್ಲ’ ಅಂತಲೇ ಬರುತ್ತದೆ. ಆದರೆ ರಾತ್ರಿಯಾದರೆ ಅಂಗಾಲು ಉರಿ, ಹೊದಿಕೆ ತಾಗಿದರೂ ತಡೆಯೋಕಾಗಲ್ಲ, ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತೇನೆ. ಹಗಲು ಮಗ್ಗ ತುಳಿಯುವಾಗ ಕಾಲಿಗೆ ಏನು ತಾಗಿತು ಅಂತ ಗೊತ್ತೇ ಆಗಲ್ಲ. ಕೇಳಿದರೆ ‘ರಿಪೋರ್ಟ್ ಛಲೋ ಐತಿ, ಚಿಂತಿ ಮಾಡಬ್ಯಾಡ್ರಿ’ ಅಂತಾರೆ. ರಿಪೋರ್ಟ್ ಛಲೋ ಐತಿ, ನೋವು ಮಾತ್ರ ಹೋಗವಲ್ದು. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದೇನೆ. ಈಗೀಗ ಯಾರ ಜತೆಗೂ ಮಾತೇ ಬೇಡ ಅನಿಸುತ್ತದೆ.

ಉತ್ತರ: ಅಣ್ಣಾ, ಮೊದಲು ಆ ಮೆಡಿಕಲ್ ಶಾಪಿನ ಗುಳಿಗೆ ನಿಲ್ಲಿಸಿ, ಆಮೇಲೆ ಮುಂದಿನದು ಓದಿ. ನೀವು ಹೆಸರು ಬರೆದಿಲ್ಲ, ಆದರೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಡೈಕ್ಲೋಫಿನ್ಯಾಕ್ ಅಥವಾ ಅದರ ಅಣ್ಣ-ತಮ್ಮಂದಿರನ್ನು. ಈಗ ನಮ್ಮಲ್ಲಿ ಹೆಚ್ಚಿನವರಿಗೆ ಸಿಗುತ್ತಿರುವುದು ಟಿಎಲ್‌ಡಿ ಅನ್ನುವ ದಿನಕ್ಕೊಂದು ಗುಳಿಗೆ. ಅದರಲ್ಲಿ ಟೆನೊಫೊವಿರ್ ಇದೆ. ಟೆನೊಫೊವಿರ್ ಮತ್ತು ಡೈಕ್ಲೋಫಿನ್ಯಾಕ್ ಎರಡೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ, ದಿನಾ ನುಂಗಿದರೆ ಇನ್ನೂ ಜಾಸ್ತಿ. ಮುಂದಿನ ಸಲ ಹೋದಾಗ ಕ್ರಿಯಾಟಿನಿನ್ ಪರೀಕ್ಷೆ ಕೇಳಿ ಮಾಡಿಸಿ. ಇನ್ನೊಂದು ವಿಷಯ, ಇಷ್ಟೆಲ್ಲ ಅಪಾಯ ತಂದುಕೊಂಡರೂ ಈ ಗುಳಿಗೆಗಳಿಂದ ನರದ ಉರಿ ಕಡಿಮೆಯಾಗುವುದು ಅಷ್ಟಕ್ಕಷ್ಟೇ. ಅವು ಕೀಲು, ಮಾಂಸಖಂಡದ ನೋವಿಗೆ ಇರುವಂಥವು.

ನಿಮ್ಮದು ನರದ ನೋವು ಅಂತ ಪತ್ರ ಓದಿದರೇ ಅನಿಸುತ್ತದೆ. ಉರಿ, ಜೋಮು, ರಾತ್ರಿ ಜಾಸ್ತಿ, ಬಟ್ಟೆ ತಾಗಿದರೂ ನೋವು, ಆದರೆ ಕಲ್ಲು ಚುಚ್ಚಿದರೆ ಗೊತ್ತಾಗಲ್ಲ, ಇದೆಲ್ಲ ಒಟ್ಟಿಗೇ ಬರುತ್ತದೆ. ಮೈಯಲ್ಲಿ ಅತಿ ಉದ್ದದ ನರಗಳು ಕಾಲಿಗೆ ಹೋಗುವಂಥವು, ಅದಕ್ಕೇ ಪೆಟ್ಟು ಮೊದಲು ಪಾದದ ತುದಿಯಲ್ಲಿ ಕಾಣುತ್ತದೆ. ವೈರಲ್ ಲೋಡ್ ಹೇಳುವುದು ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ. ನರದ ಕಥೆ ಆ ರಿಪೋರ್ಟಿನಲ್ಲಿ ಬರೆದಿರುವುದಿಲ್ಲ. ಹಾಗಾಗಿ ರಿಪೋರ್ಟೂ ಸುಳ್ಳಲ್ಲ, ನಿಮ್ಮ ನೋವೂ ಸುಳ್ಳಲ್ಲ.

2008ರಲ್ಲಿ ಶುರು ಮಾಡಿದವರಲ್ಲಿ ಬಹಳ ಜನರಿಗೆ ಸ್ಟಾವುಡಿನ್ ಅನ್ನುವ ಔಷಧ ಸಿಕ್ಕಿತ್ತು. ಅದು ಜೀವ ಉಳಿಸಿತು, ನಿಜ, ಆದರೆ ನರಗಳನ್ನು ಕೆಡಿಸುತ್ತದೆ ಅಂತ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಹಂತಹಂತವಾಗಿ ಬಿಡಿ ಎಂದಿತು. ನಿಮ್ಮ ಹಳೇ ಎಆರ್‌ಟಿ ಪುಸ್ತಕ ತೆಗೆದು ನೋಡಿ, ಆ ಹೆಸರು ಇರಬಹುದು. ಆದರೂ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಬೇಡಿ. ಸಕ್ಕರೆ ಕಾಯಿಲೆ ಇದೆಯಾ ನೋಡಿಸಿ. ಬಿ12 ಕಡಿಮೆ ಇದ್ದರೂ ಹೀಗೇ ಉರಿಯುತ್ತದೆ, ಮಾಂಸ-ಮೊಟ್ಟೆ ಮುಟ್ಟದ ಮನೆಗಳಲ್ಲಿ ಇದು ಸಾಮಾನ್ಯ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ. ಟಿಬಿ ಬರದಿರಲಿ ಅಂತ ಐಸೊನಿಯಾಜಿಡ್ ಕೊಟ್ಟಿದ್ದರೆ ಅದರ ಜತೆ ಬಿ6 ತೆಗೆದುಕೊಂಡಿರಾ ಅಂತ ನೆನಪು ಮಾಡಿಕೊಳ್ಳಿ. ಡಾಕ್ಟರು ಸಾಕ್ಸ್ ಬಿಚ್ಚಿಸಿ, ಹತ್ತಿ ತಾಗಿಸಿ, ನಡುಗುವ ಫೋರ್ಕ್ ಒಂದನ್ನು ಹೆಬ್ಬೆರಳ ಗೆಣ್ಣಿಗೆ ಇಟ್ಟು ‘ಗೊತ್ತಾಗುತ್ತಾ?’ ಅಂತ ಕೇಳಬೇಕು. ಐದು ನಿಮಿಷದ ಕೆಲಸ. ಮಾಡದಿದ್ದರೆ ‘ಪಾದ ಒಂದ್ಸಲ ನೋಡ್ರಿ’ ಅಂತ ನೀವೇ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಇದಕ್ಕೆ ಬೇರೆಯೇ ಔಷಧಗಳಿವೆ: ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್. ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ಮೊದಮೊದಲು ಮಂಪರು ಬರುತ್ತದೆ, ಎರಡು ದಿನಕ್ಕೆ ಉಪಯೋಗ ಇಲ್ಲ ಅಂತ ಬಿಡಬೇಡಿ, ಕೆಲವು ವಾರ ಕೊಡಿ. ಉರಿ ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲ್ಲ. ಅರ್ಧ ಇಳಿದು ನಿದ್ದೆ ಬಂದರೆ ಅದೇ ದೊಡ್ಡದು. ಕಾರ್ಬಮಜೆಪಿನ್ ಮಾತ್ರ ಯಾರಾದರೂ ಬರೆದುಕೊಟ್ಟರೆ ಎಆರ್‌ಟಿ ಸೆಂಟರಿಗೆ ತೋರಿಸದೆ ನುಂಗಬೇಡಿ, ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್‌ನ ಬಲವನ್ನು ಅದು ಇಳಿಸಿಬಿಡುತ್ತದೆ. ಮೆಣಸಿನಕಾಯಿಯ ಖಾರದಿಂದ ಮಾಡಿದ ಕ್ಯಾಪ್ಸೈಸಿನ್ ಪಟ್ಟಿ, ಮುಲಾಮು ಸಹ ಇವೆ. ಹಾಗಂತ ಮನೆಯಲ್ಲಿ ಖಾರ ಅರೆದು ಕಾಲಿಗೆ ಹಚ್ಚಬೇಡಿ. (ಬ್ಯಾಡಗಿದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಪರವಾಗಿಲ್ಲ ಅಂತ ಒಬ್ಬರು ವಾದ ಮಾಡಿದ್ದರು. ಬೇಡ ಅಂದ್ರೆ ಬೇಡ.) ಒದ್ದೆ ಬಟ್ಟೆ ಕಟ್ಟುವುದಕ್ಕಿಂತ ಮಲಗುವ ಮುಂಚೆ ಸ್ವಲ್ಪ ಹೊತ್ತು ತಣ್ಣೀರಲ್ಲಿ ಕಾಲಿಟ್ಟು, ಬೆರಳ ಸಂದಿಯೆಲ್ಲ ಒರೆಸಿ ಒಣಗಿಸಿ. ದಿನಾ ಅಂಗಾಲು ನೋಡಿಕೊಳ್ಳಿ, ಗಾಯ ಆದರೂ ನಿಮಗೆ ಗೊತ್ತಾಗುವುದಿಲ್ಲ.

ಕೊನೆಯ ಸಾಲನ್ನು ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ. ಅದನ್ನೂ ಡಾಕ್ಟರ ಮುಂದೆ ಹೇಳಿ. ನೋವಿಗೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು ಕುಸಿಯುತ್ತದೆ, ಮನಸ್ಸು ಕುಸಿದಾಗ ಅದೇ ನೋವು ಎರಡರಷ್ಟು ಅನಿಸುತ್ತದೆ. ನೋವಿಗೆ ಒಬ್ಬರ ಹತ್ತಿರ, ಮನಸ್ಸಿಗೆ ಇನ್ನೊಬ್ಬರ ಹತ್ತಿರ ಓಡಾಡುವ ಬದಲು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಡ್ಯುಲಾಕ್ಸೆಟಿನ್‌ನಂಥ ಒಂದೇ ಔಷಧ ಎರಡಕ್ಕೂ ಆದೀತಾ ಅಂತ ಅವರು ಯೋಚಿಸಬಹುದು. ಗದ್ದಲದ ಓಪಿಡಿಯಲ್ಲಿ ‘ನೋವೈತ್ರಿ’ ಅಂದರೆ ಯಾರ ಕಿವಿಗೂ ಬೀಳಲ್ಲ. ‘ಎರಡು ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ, ನೇಯುವುದು ಅರ್ಧಕ್ಕೆ ಇಳಿದಿದೆ’ ಅನ್ನಿ. ಡಾಕ್ಟರ ಕೈಯಲ್ಲಿರುವ ಪೆನ್ನು ನಿಲ್ಲುತ್ತದೆ.

ಪ್ರಶ್ನೆ: ಹಾವೇರಿ ಜಿಲ್ಲೆಯವಳು, 38 ವರ್ಷ. ಗಂಡ ತೀರಿಕೊಂಡು ಬಹಳ ವರ್ಷ ಆಯಿತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತೇನೆ. ಮೊದಲು ಎಲ್ಲರಿಗಿಂತ ಬೇಗ ಚೀಲ ಖಾಲಿ ಮಾಡುತ್ತಿದ್ದೆ. ಈಗ ತೊಟ್ಟು ಹಿಡಿದ ಕೈ ಹಾಗೇ ನಿಂತುಬಿಡುತ್ತದೆ, ಪಕ್ಕದವಳು ತಿವಿದಾಗಲೇ ಎಚ್ಚರ. ತಲೆನೋವು, ಬೆನ್ನುನೋವು, ರೊಟ್ಟಿ ಬಡಿಯಲು ಕೂತರೆ ಅಳು. ಅತ್ತೆ ಗಾಳಿ ಬಡಿದಿದೆ ಅಂತಾರೆ. ಒಬ್ಬರು ‘ಧಾರವಾಡಕ್ಕೆ ಕಳಿಸ್ರಿ’ ಅಂತ ನಕ್ಕರು. ಇನ್ಯಾಕೆ ಗುಳಿಗೆ ಅಂತ ನಡುವೆ ಕೆಲವು ದಿನ ಬಿಟ್ಟೆ. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ನಾನು ಇಲ್ಲದಿದ್ದರೆ ಅವಳಿಗೇ ಒಳ್ಳೆಯದೇನೋ.

ಉತ್ತರ: ತಂಗೀ, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಸಾಯಬೇಕು ಅಂತ ಅನಿಸುತ್ತಿದೆಯಾ? ಹೇಗೆ ಅಂತಲೂ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರಕಾರದ್ದು, 2022ರಿಂದ ನಡೆಯುತ್ತಿದೆ, ದುಡ್ಡು ಬೇಡ, ರಾತ್ರಿ ಹಗಲು ಯಾವಾಗಲೂ ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿ ಇದೆ ಅಂತ ಹೇಳಬೇಕೆಂದೇನೂ ಇಲ್ಲ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿ ಇದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಒಬ್ಬರಿಗೆ, ನಿಮ್ಮನ್ನು ತಿವಿದು ಎಚ್ಚರಿಸಿದ ಆ ಪಕ್ಕದವಳಿಗಾದರೂ ಸರಿ, ‘ನನಗೆ ಹಿಂಗ್ ಅನಿಸಾಕತ್ತೈತಿ’ ಅಂತ ಬಾಯಿಬಿಟ್ಟು ಹೇಳಿ. ಮಗಳ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ತಪ್ಪು. ಆ ಯೋಚನೆಯೇ ಕಾಯಿಲೆಯ ಒಂದು ಲಕ್ಷಣ.

ಹೌದು, ಇದು ಕಾಯಿಲೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ-ಊಟ ಕೆಟ್ಟಿದೆ, ಕೈ ಕೆಲಸ ನಿಧಾನ ಆಗಿದೆ, ತನ್ನಿಂದ ಯಾರಿಗೂ ಉಪಯೋಗ ಇಲ್ಲ ಅನಿಸುತ್ತದೆ ಅಂದರೆ ಅದು ಖಿನ್ನತೆ. ಎಚ್‌ಐವಿ ಇರುವವರಲ್ಲಿ ಇದು ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ನಮ್ಮ ಕಡೆ ಇದು ಅಳುವಿಗಿಂತ ಮೊದಲು ಮೈಕೈ ನೋವಾಗಿ ಬರುತ್ತದೆ, ನೋವಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡೇ ಜನ ವರ್ಷ ಕಳೆಯುತ್ತಾರೆ.

ಆದರೆ ಒಂದು ಎಚ್ಚರಿಕೆ. ನೀವು ಗುಳಿಗೆ ಬಿಟ್ಟಿದ್ದೀರಿ. ತಲೆನೋವು ಹೊಸದಾಗಿದ್ದು, ದಿನದಿಂದ ದಿನಕ್ಕೆ ಏರುತ್ತಿದ್ದು, ಜತೆಗೆ ಜ್ವರ, ವಾಂತಿ, ಕುತ್ತಿಗೆ ಬಿಗಿತ, ಕಣ್ಣು ಮಂಜು ಇದ್ದರೆ ಅದನ್ನು ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಮಿದುಳಿನ ಪೊರೆಗೆ ಟಿಬಿಯೋ ಫಂಗಸ್ಸೋ ತಗುಲಿರಬಹುದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವು ಒಂದೇ ಜಾಗದಲ್ಲಿದ್ದು ಸಂಜೆ ಜ್ವರ ಬರುತ್ತಿದ್ದರೆ ಬೆನ್ನುಮೂಳೆಯ ಟಿಬಿ ಇಲ್ಲವೆಂದು ಖಾತ್ರಿ ಮಾಡಿಸಿ. ಇವು ಇಲ್ಲದಿದ್ದರೂ ಹಿಮೊಗ್ಲೋಬಿನ್, ಥೈರಾಯ್ಡ್ ನೋಡಿಸಿ, ಎರಡರಲ್ಲಿ ಯಾವುದು ಕೆಟ್ಟರೂ ಇದೇ ಥರದ ಸುಸ್ತು. ರಕ್ತ ಕಡಿಮೆ ಅಂತ ಕಬ್ಬಿಣದ ಗುಳಿಗೆ ಕೊಟ್ಟರೆ, ಟಿಎಲ್‌ಡಿ ತೆಗೆದುಕೊಂಡು ಎರಡು ತಾಸು ಬಿಟ್ಟು ಅದನ್ನು ತೆಗೆದುಕೊಳ್ಳಿ, ಇಲ್ಲವೇ ಎರಡನ್ನೂ ಊಟದ ಜತೆಗೇ. ಬರಿಹೊಟ್ಟೆಯಲ್ಲಿ ಎರಡೂ ಒಟ್ಟಿಗೆ ಬೇಡ, ಡೊಲುಟೆಗ್ರಾವಿರ್ ಮೈಗೆ ಹತ್ತುವುದಿಲ್ಲ.

ಬಿಟ್ಟ ಗುಳಿಗೆಯ ವಿಷಯ ಎಆರ್‌ಟಿ ಸೆಂಟರಿನಲ್ಲಿ ಹಾಗೇ ಹೇಳಿ. ಬೈದರೆ ಬೈಸಿಕೊಳ್ಳಿ, ಆದರೆ ‘ಮನಸ್ಸು ಸರಿ ಇಲ್ಲದ್ದಕ್ಕೆ ಬಿಟ್ಟೆ’ ಅನ್ನುವ ಕಾರಣವನ್ನೂ ಹೇಳಿ. ಹಳೇ ಗುಳಿಗೆಯಲ್ಲೇ ಇದ್ದರೆ ಅದರಲ್ಲಿ ಎಫಾವಿರೆಂಜ್ ಇದೆಯಾ ಕೇಳಿ. ಕೆಟ್ಟ ಕನಸು, ತಲೆಸುತ್ತು, ಮನಸ್ಸು ಕುಸಿಯುವುದು ಅದರಿಂದ ಆಗುತ್ತದೆ, ಬದಲಿಸಲು ಬರುತ್ತದೆ. ಖಿನ್ನತೆಗೆ ಸರ್ಟ್ರಾಲಿನ್, ಎಸಿಟಲೊಪ್ರಾಮ್‌ನಂಥ ಔಷಧ ಟಿಎಲ್‌ಡಿ ಜತೆ ಕೊಡಬಹುದು. ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು.

ಧಾರವಾಡದ ನಗೆಯಾಟ ನನಗೂ ಸಾಕಾಗಿದೆ. ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ದಿನಾ ಬರುವವರಲ್ಲಿ ನಿಮ್ಮಂಥವರೇ ಬಹಳ: ನಿದ್ದೆ ಬರದವರು, ಚಿಂತೆ ಹತ್ತಿದವರು, ಬೆಳಿಗ್ಗೆ ಬಂದು ಔಷಧ ತೆಗೆದುಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋಗುವವರು. ಅಲ್ಲಿಯವರೆಗೂ ಹೋಗಬೇಕಿಲ್ಲ, ಹಾವೇರಿ ಜಿಲ್ಲಾಸ್ಪತ್ರೆಯಲ್ಲೇ ಮಾನಸಿಕ ವಿಭಾಗ ವಿಚಾರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಅಂತ ಮಂಗಳವಾರದ ಕ್ಲಿನಿಕ್ ಇದೆ, ನಿಮ್ಮಲ್ಲಿ ಯಾವ ವಾರ ಡಾಕ್ಟರು ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅತ್ತೆ ತಾಯಿತ ಕಟ್ಟಿಸಿದರೆ ಕಟ್ಟಿಸಲಿ ಬಿಡಿ, ಜಗಳಕ್ಕೆ ನಿಮಗೀಗ ಶಕ್ತಿ ಇಲ್ಲ. ಗುಳಿಗೆ ಬಿಡಿಸದಿದ್ದರೆ ಸಾಕು.

ಪ್ರಶ್ನೆ: ಮನಸ್ಸಿನ ಗುಳಿಗೆ ಒಮ್ಮೆ ಶುರು ಮಾಡಿದರೆ ಚಟ ಆಗುತ್ತಂತೆ, ನಿಜಾನಾ? (ಗದಗ)

ಉತ್ತರ: ಖಿನ್ನತೆಯ ಗುಳಿಗೆ ಚಟ ಆಗಲ್ಲ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರು ನಿಧಾನ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತದೆ, ಅದನ್ನೇ ಜನ ಚಟ ಅನ್ನುವುದು. ಚಟ ಆಗುವುದು ಅಲ್ಪ್ರಜೋಲಮ್‌ನಂಥ ನಿದ್ದೆ ಗುಳಿಗೆ, ಟ್ರಮಡಾಲ್‌ನಂಥ ನೋವಿನ ಗುಳಿಗೆ. ವಿಚಿತ್ರ ನೋಡಿ, ಜನ ಅವನ್ನು ಹೆದರದೇ ನುಂಗುತ್ತಾರೆ.

ಪ್ರಶ್ನೆ: ಅಪ್ಪನಿಗೆ (ಎಚ್‌ಐವಿ ಇದೆ, 60 ವರ್ಷ) ಎದೆಯ ಒಂದು ಪಕ್ಕಕ್ಕೆ ಸರ್ಪಸುತ್ತು ಆಗಿತ್ತು. ಕೆಮ್ಮಣ್ಣು ಹಚ್ಚಿಸಿದೆವು, ಗುಳ್ಳೆ ಒಣಗಿತು. ಮೂರು ತಿಂಗಳಾದರೂ ಅಲ್ಲೇ ಕರೆಂಟ್ ಹೊಡೆದ ಹಾಗೆ ನೋವು. ಅಂಗಿಯೂ ಹಾಕಲ್ಲ, ಹೊರಗೂ ಬರಲ್ಲ, ಸಿಟ್ಟು ಜಾಸ್ತಿ. ರೋಣ ತಾಲೂಕು.

ಉತ್ತರ: ಗುಳ್ಳೆ ತಾನಾಗಿಯೇ ಒಣಗುತ್ತದೆ, ಕೆಮ್ಮಣ್ಣು ಹಚ್ಚಲಿ ಬಿಡಲಿ. ಉಳಿಯುವುದು ನರದೊಳಗಿನ ಗಾಯ. ಚಿಕ್ಕಂದಿನ ಸಿಡುಬಲ್ಲದ ಆ ಇನ್ನೊಂದು ‘ಅಮ್ಮ’, ಚಿಕನ್ ಪಾಕ್ಸ್ ಅಂತೀವಲ್ಲ, ಅದರ ವೈರಸ್ಸೇ ನರದಲ್ಲಿ ಅಡಗಿದ್ದು ರೋಗನಿರೋಧಕ ಶಕ್ತಿ ಇಳಿದಾಗ ಸರ್ಪಸುತ್ತಾಗಿ ಬರುತ್ತದೆ. ಗುಳ್ಳೆ ಎದ್ದ 72 ತಾಸಿನೊಳಗೆ ಅಸೈಕ್ಲೊವಿರ್ ಶುರು ಮಾಡಿದ್ದರೆ ಒಳ್ಳೆಯದಿತ್ತು. ಆ ಹೊತ್ತು ಹೋಯಿತು, ಓದುತ್ತಿರುವ ಬೇರೆಯವರಾದರೂ ನೆನಪಿಡಿ. ಈಗ ಅಪ್ಪನಿಗೆ ಬೇಕಿರುವುದು ಮೊದಲ ಉತ್ತರದಲ್ಲಿ ಹೇಳಿದ ನರದ ಔಷಧಗಳೇ, ಗ್ಯಾಬಪೆಂಟಿನ್ ಥರದ್ದು. ವಯಸ್ಸಾದವರು, ಮಂಪರಿನಲ್ಲಿ ರಾತ್ರಿ ಎದ್ದು ಬೀಳದ ಹಾಗೆ ನೋಡಿಕೊಳ್ಳಿ. ಕಿಡ್ನಿ ಪರೀಕ್ಷೆ ನೋಡಿಯೇ ಡೋಸ್ ಬರೆಸಿ. ಮೆತ್ತನೆ ಹಳೇ ಹತ್ತಿ ಬನಿಯನ್ ಹಾಕಿಸಿ ನೋಡಿ, ಸಡಿಲ ಅಂಗಿ ಅಲ್ಲಾಡಿ ತಾಗುವುದಕ್ಕಿಂತ ಮೈಗೆ ಹತ್ತಿದ ಬಟ್ಟೆ ಕೆಲವರಿಗೆ ಹಿತ. ಸಿಟ್ಟನ್ನು ಸ್ವಭಾವ ಅಂತ ತಳ್ಳಿಹಾಕಬೇಡಿ. ಗಂಡಸರು, ಅದರಲ್ಲೂ ಅಪ್ಪಂದಿರು, ಅಳುವ ಬದಲು ಸಿಡುಕುತ್ತಾರೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆಟೋ ಓಡಿಸುತ್ತೇನೆ. ಸೆಕೆಂಡ್ ಲೈನ್ ಗುಳಿಗೆ (ಮೊದಲಿನ ಎಚ್‌ಐವಿ ಗುಳಿಗೆ ಕೆಲಸ ಮಾಡದಿದ್ದಾಗ ಕೊಡುವಂಥದ್ದು). ಮೊಣಕಾಲು ನೋವಿಗೆ ಕೀಲಿಗೇ ಇಂಜೆಕ್ಷನ್ ಕೊಟ್ಟರೆ ಆರಾಮ ಅಂತ ಒಬ್ಬರು ಹೇಳಿದ್ದಾರೆ. ಹಾಕಿಸಿಕೊಳ್ಳಲಾ?

ಉತ್ತರ: ತಡೆಯಿರಿ. ಸೆಕೆಂಡ್ ಲೈನಿನಲ್ಲಿ ಸಾಮಾನ್ಯವಾಗಿ ರಿಟೊನಾವಿರ್ ಇರುತ್ತದೆ. ಕೀಲಿಗೆ ಕೊಡುವುದು ಹೆಚ್ಚಾಗಿ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್. ರಿಟೊನಾವಿರ್ ಇದ್ದರೆ ಆ ಸ್ಟೆರಾಯ್ಡ್ ಮೈಯಿಂದ ಹೊರಗೆ ಹೋಗದೆ ಉಳಿದು ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೈಯಲ್ಲಿ ತಾನಾಗಿ ತಯಾರಾಗುವ ಸ್ಟೆರಾಯ್ಡ್ ನಿಂತೇ ಹೋಗಬಹುದು. ಒಂದೇ ಇಂಜೆಕ್ಷನ್ನಿಗೆ ಹೀಗಾದವರಿದ್ದಾರೆ. ಮೈಗ್ರೇನಿಗೆ ಎರ್ಗೊಟಮಿನ್ ಇರುವ ಗುಳಿಗೆಯನ್ನೂ ರಿಟೊನಾವಿರ್ ಜತೆ ಮುಟ್ಟಬೇಡಿ, ಕೈಕಾಲಿಗೆ ರಕ್ತ ಹೋಗುವುದೇ ಕಟ್ಟಿಹೋಗುತ್ತದೆ. ಇನ್ನೊಂದು, ನೋವು ತೊಡೆಸಂದಿಯಿಂದ ಶುರುವಾಗಿ ಮೊಣಕಾಲಿಗೆ ಇಳಿಯುತ್ತಿದೆಯಾ ಗಮನಿಸಿ. ಸೊಂಟದ ಕೀಲಿನ ಮೂಳೆಗೆ ರಕ್ತ ಸಿಗದೆ ಸವೆಯುವ ಕಾಯಿಲೆ ಎಚ್‌ಐವಿ ಇರುವವರಲ್ಲಿ ಜಾಸ್ತಿ, ಮೊದಮೊದಲು ಎಕ್ಸ್‌ರೇಯಲ್ಲಿ ಕಾಣಲ್ಲ, ಎಂಆರ್‌ಐ ಬೇಕು. ನಿಜಕ್ಕೂ ಮೊಣಕಾಲಿನದೇ ಆದರೆ ಫಿಸಿಯೊಥೆರಪಿಯವರಿಂದ ತೊಡೆಯ ವ್ಯಾಯಾಮ ಕಲಿತು ದಿನಾ ಮಾಡಿ. ಪ್ಯಾರಸಿಟಮಾಲ್ ಮಿತಿಯಲ್ಲಿ ನಡೆಯುತ್ತದೆ.

ಪ್ರಶ್ನೆ: 22 ವರ್ಷ, ಧಾರವಾಡದಲ್ಲಿ ಓದುತ್ತಿದ್ದೇನೆ, ಹಾಸ್ಟೆಲ್. ನನಗೆ ಹುಟ್ಟಿನಿಂದಲೇ ಎಚ್‌ಐವಿ. ಅಪ್ಪ-ಅಮ್ಮ ಇಬ್ಬರೂ ಇಲ್ಲ, ಅಜ್ಜಿ ಸಾಕಿದ್ದು. ಗುಳಿಗೆ ಬದಲಾದ ಮೇಲೆ ರಾತ್ರಿ ನಿದ್ದೆ ಬರಲ್ಲ. ರೂಮ್‌ಮೇಟ್ಸ್ ಎದುರು ನುಂಗೋಕಾಗದೆ ತಪ್ಪಿಸುತ್ತೇನೆ. ಸತ್ತ ಅಪ್ಪನ ಮೇಲೆ ಸಿಟ್ಟು. ಒಬ್ಬಳು ಇಷ್ಟ ಆಗಿದ್ದಾಳೆ, ಅವಳ ಜೀವನ ಯಾಕೆ ಹಾಳು ಮಾಡಲಿ ಅಂತ ದೂರ ಇದ್ದೇನೆ. ವಾರಕ್ಕೆರಡು ಸಲ ಕುಡಿತ.

ಉತ್ತರ: ತಮ್ಮಾ, ನಿದ್ದೆಯ ಸಮಸ್ಯೆ ಸುಲಭ, ಅದನ್ನು ಮೊದಲು ಮುಗಿಸೋಣ. ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಹಳೇ ಗುಳಿಗೆ ರಾತ್ರಿ ನುಂಗುತ್ತಿದ್ದ ಅಭ್ಯಾಸದಲ್ಲಿ ಇದನ್ನೂ ರಾತ್ರಿಯೇ ನುಂಗುತ್ತಿದ್ದೀಯ ಅನಿಸುತ್ತೆ. ಸೆಂಟರಿನಲ್ಲಿ ಒಂದು ಮಾತು ಕೇಳಿ ಬೆಳಗಿನ ಹೊತ್ತಿಗೆ ಬದಲಿಸು. ರೂಮಿನ ಕಾಟವೂ ಅಲ್ಲಿಗೆ ಮುಗಿಯಿತು, ಒಂದು ಗುಳಿಗೆ ಜೇಬಿನಲ್ಲಿಟ್ಟುಕೊಂಡು ತಿಂಡಿಗೆ ಹೋದಾಗ ನೀರಿನ ಜತೆ ನುಂಗಿದರೆ ಯಾರು ನೋಡುತ್ತಾರೆ? ನೋಡಿದರೂ ವಿಟಮಿನ್ ಅನ್ನು. ಅಷ್ಟು ಸುಳ್ಳಿಗೆ ಪಾಪ ಹತ್ತಲ್ಲ.

ಆ ಹುಡುಗಿಯ ವಿಷಯ. ಗುಳಿಗೆ ತಪ್ಪದೆ ನುಂಗಿ ವೈರಲ್ ಲೋಡ್ ಕಂಡುಬರದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ಮಾತಿದು. ಮಕ್ಕಳೂ ಎಚ್‌ಐವಿ ಇಲ್ಲದೆ ಹುಟ್ಟುತ್ತಾರೆ. ಅಂದರೆ ಅವಳ ಜೀವನಕ್ಕೆ ನಿನ್ನ ಎಚ್‌ಐವಿಗಿಂತ ನೀನು ತಪ್ಪಿಸುವ ಗುಳಿಗೆಯೇ ಅಪಾಯ. ಮುಂದುವರಿಯುವ ಮೊದಲು ಅವಳಿಗೆ ತಿಳಿಸಲೇಬೇಕು, ಅದನ್ನು ಹೇಗೆ ಹೇಳುವುದು ಅಂತ ಕೌನ್ಸೆಲರ್ ಜತೆ ಕೂತು ಒಮ್ಮೆ ಅಭ್ಯಾಸ ಮಾಡಿಕೋ.

ಅಪ್ಪನ ಮೇಲಿನ ಸಿಟ್ಟಿಗೆ ನನ್ನ ಹತ್ತಿರ ಗುಳಿಗೆ ಇಲ್ಲ. ಅವರು ಸೋಂಕು ತಗುಲಿಸಿಕೊಂಡ ಕಾಲದಲ್ಲಿ ಸರಕಾರಿ ಔಷಧವೇ ಇರಲಿಲ್ಲ, ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಇದು ಸಮಾಧಾನ ಆಗಬೇಕೆಂದೇನೂ ಇಲ್ಲ, ಸಿಟ್ಟು ನಿನ್ನ ಹಕ್ಕು. ಆದರೆ ಅದನ್ನು ಬಾಟಲಿ ಜತೆ ಕುಡಿಯಬೇಡ, ಕುಡಿತ ಮಾರನೇ ದಿನ ಮನಸ್ಸನ್ನು ಇನ್ನೂ ಕೆಳಗೆ ಎಳೆಯುತ್ತದೆ. ನಿನ್ನ ಊರಲ್ಲೇ ಡಿಮ್ಹಾನ್ಸ್ ಇದೆ, ಹೋಗಿ ಬಾ. ಹುಟ್ಟಿನಿಂದ ಎಚ್‌ಐವಿ ಇದ್ದು ಈಗ ದೊಡ್ಡವರಾದ ಹುಡುಗ-ಹುಡುಗಿಯರು ನಿನ್ನ ಸೆಂಟರಿನಲ್ಲೇ ಇರುತ್ತಾರೆ, ಒಬ್ಬರನ್ನಾದರೂ ಪರಿಚಯ ಮಾಡಿಸಿ ಅಂತ ಕೌನ್ಸೆಲರ್ ಹತ್ತಿರ ಕೇಳು. ನಾನು ಹೇಳುವ ನೂರು ಮಾತಿಗಿಂತ ಅವರ ಜತೆ ಒಂದು ಚಹಾ ವಾಸಿ.

ಪ್ರಶ್ನೆ: ನೋವಿಗೆ ಊರಿನ ಕ್ಲಿನಿಕ್ಕಿಗೆ ಹೋದರೆ ಎಚ್‌ಐವಿ ಇದೆ ಅಂತ ಹೇಳಲೇಬೇಕಾ? ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. (ಶಿಗ್ಗಾಂವಿ ಕಡೆ)

ಉತ್ತರ: ಕಾನೂನಿನ ಪ್ರಕಾರ ಬಲವಂತ ಮಾಡುವ ಹಾಗಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ನಿಮ್ಮ ವಿಷಯ ಹೊರಗೆ ಬಿಡುವುದು, ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಎರಡೂ ತಪ್ಪು. ಅದು ಕಾಗದದ ಮಾತು, ಊರಿನ ಮಾತು ಬೇರೆ ಅಂತ ನನಗೂ ಗೊತ್ತು. ಅದಕ್ಕೇ ಒಂದು ದಾರಿ: ಕಾಯಿಲೆಯ ಹೆಸರು ಹೇಳದಿದ್ದರೂ ‘ಕಿಡ್ನಿಗೆ ತೊಂದರೆ ಆಗಬಹುದಾದ ಔಷಧ ನಡೆಯುತ್ತಿದೆ, ಡೈಕ್ಲೋಫಿನ್ಯಾಕ್ ಥರದ್ದು ಬೇಡ, ಸ್ಟೆರಾಯ್ಡ್ ಬೇಡ’ ಅಂತ ಖಂಡಿತ ಹೇಳಿ. ಬರೆದುಕೊಟ್ಟ ಚೀಟಿಯ ಫೋಟೊ ತೆಗೆದು, ನುಂಗುವ ಮೊದಲು ಎಆರ್‌ಟಿ ಸೆಂಟರಿನ ಫಾರ್ಮಸಿಸ್ಟ್‌ಗೋ ಕೌನ್ಸೆಲರ್‌ಗೋ ತೋರಿಸಿ. ಅವರು ಸಿಗದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಿ, ಅದು ಎಚ್‌ಐವಿ ವಿಷಯಕ್ಕೇ ಇರುವ ಉಚಿತ ಸಹಾಯವಾಣಿ. ಆಪರೇಷನ್, ಇಂಜೆಕ್ಷನ್, ತಿಂಗಳುಗಟ್ಟಲೆ ನುಂಗುವ ಔಷಧ ಅಂತ ಬಂದಾಗ ಮಾತ್ರ ಪೂರ್ತಿ ವಿಷಯ ಗೊತ್ತಿರುವ ಡಾಕ್ಟರ ಹತ್ತಿರವೇ ಹೋಗಿ. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಬಸ್ಸಿಗೇನೂ ಬರ ಇಲ್ಲ.